ಬೇರೆಯವರು ಬರೆದಿಟ್ಟ ‘ನಾನು’

ನಾನು ಕನ್ನಡ ಆತ್ಮಕಥೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಾಗಾಗಿ ‘ನಾನು’ ಎಂದು ಶುರುವಾಗುವ ಯಾವ ವಾಕ್ಯ ಕಂಡರೂ ಒಂದು ಕ್ಷಣ ನಿಲ್ಲುವ ಚಾಳಿ ಅಂಟಿಕೊಂಡಿದೆ. ಈ ನಾಲ್ಕು ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಆತ್ಮಕಥೆ ಪುಸ್ತಕದಂಗಡಿಯಲ್ಲಿ ಸಿಗುವಂಥದ್ದಲ್ಲ. ಅದು ಒಂದೇ ಪುಟದ್ದು. ಅದರಲ್ಲಿರುವುದು ಇಪ್ಪತ್ತೈದು ಹೇಳಿಕೆಗಳು, ಹೆಚ್ಚುಕಡಿಮೆ ಎಲ್ಲವೂ ‘ನಾನು’ವಿನ ಮಾತು. ಆದರೆ ಆ ‘ನಾನು’ವನ್ನು ಬರೆದವರು ರಾಬರ್ಟ್ ಗುಡ್‌ಮನ್ ಎಂಬ ಬ್ರಿಟನ್ನಿನ ಮಕ್ಕಳ ಮನೋವೈದ್ಯರು. ಅದು ತನ್ನದು ಹೌದೋ ಅಲ್ಲವೋ ಎಂದು ಟಿಕ್ ಹಾಕಬೇಕಾದವರು ಸಿರುಗುಪ್ಪದ ಒಂಬತ್ತನೇ ತರಗತಿಯ ಹುಡುಗ, ಕುರುಗೋಡಿನ ಹತ್ತನೇ ತರಗತಿಯ ಹುಡುಗಿ.

ಇದರ ಹೆಸರು ‘ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್’. ಬಳಸುವವರು ಎಸ್‌ಡಿಕ್ಯೂ ಎನ್ನುತ್ತಾರೆ. 1997ರಲ್ಲಿ ತಂದೆತಾಯಿ ಮತ್ತು ಶಿಕ್ಷಕರು ತುಂಬುವ ರೂಪ ಪ್ರಕಟವಾಯಿತು, ಮರುವರ್ಷ ಹದಿಹರೆಯದವರು ತಾವೇ ತುಂಬುವ ಸ್ವವರದಿಯ ರೂಪ. ಈಗ ಕನ್ನಡವೂ ಸೇರಿ ಜಗತ್ತಿನ ಹತ್ತಾರು ಭಾಷೆಗಳಲ್ಲಿದೆ. ಪ್ರತಿ ಹೇಳಿಕೆಯ ಮುಂದೆ ಮೂರು ಚೌಕಗಳು: ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ. ಒಂದೊಂದಕ್ಕೆ 0, 1, 2 ಅಂಕ. ಐದೈದು ಹೇಳಿಕೆಗಳ ಐದು ಗುಂಪು: ಭಾವನೆಯ ತೊಂದರೆ, ನಡತೆ, ಚಂಚಲತೆ, ಓರಗೆಯವರೊಂದಿಗಿನ ತೊಂದರೆ, ಕೊನೆಯದು ಪರೋಪಕಾರ. ಪರೋಪಕಾರವನ್ನು ಬಿಟ್ಟು ಉಳಿದ ನಾಲ್ಕನ್ನು ಕೂಡಿದರೆ 40ಕ್ಕೆ ಇಷ್ಟು ಎಂದು ಬರುತ್ತದೆ. ಸ್ವವರದಿಯಲ್ಲಿ 15ರವರೆಗೆ ಸಾಮಾನ್ಯ, 16ರಿಂದ 19 ಗಡಿರೇಖೆ, 20 ಅಥವಾ ಅದಕ್ಕಿಂತ ಹೆಚ್ಚಾದರೆ ಅಸಾಮಾನ್ಯ.

ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಗೆಳತಿಯೊಬ್ಬಳು ಈ ಹಾಳೆಯನ್ನು ನನ್ನ ಕೈಗಿಟ್ಟು, ‘ಭಾಷೆ ನಿನ್ನ ಕ್ಷೇತ್ರ, ಜೊತೆಗೆ ಬಾ’ ಎಂದಳು. ಅವಳ ಕ್ಷೇತ್ರಕಾರ್ಯ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಪ್ರೌಢಶಾಲೆಗಳಲ್ಲಿತ್ತು. ಮೂರೂ ಒಂದೇ ಜಿಲ್ಲೆಯವಾದರೂ ಮೂರು ಲೋಕಗಳು. ನಗರದಲ್ಲಿ ಕೌಲ್‌ಬಜಾರಿನ ಸುತ್ತ ಜೀನ್ಸ್ ಹೊಲಿಯುವ ಮನೆಗಳು, ಶಾಲೆ ಬಿಟ್ಟ ಮೇಲೆ ಪ್ಯಾಂಟಿನ ಉಳಿಕೆ ದಾರ ಕತ್ತರಿಸುತ್ತ ಕೂರುವ ಮಕ್ಕಳು. ಸಿರುಗುಪ್ಪದಲ್ಲಿ ಕಾಲುವೆ, ಭತ್ತ, ರೈಸ್‌ಮಿಲ್ಲುಗಳ ತೌಡಿನ ವಾಸನೆ. ಕುರುಗೋಡಿನಲ್ಲಿ ಬಂಡೆಗುಡ್ಡದ ಬಿಸಿಲು, ದೊಡ್ಡಬಸವೇಶ್ವರನ ಜಾತ್ರೆ, ಹತ್ತಿ ಮತ್ತು ಮೆಣಸಿನಕಾಯಿ. ನಾನು ಹೋದದ್ದು ಕೇಳಿಸಿಕೊಳ್ಳಲಿಕ್ಕೆ. ಅವಳ ಅಂಕಿಅಂಶಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಅವು ಅವಳ ಪ್ರಬಂಧಕ್ಕೆ ಸೇರಿದವು. ನಾನು ಹೇಳಹೊರಟಿರುವುದು ಆ ಹಾಳೆಯನ್ನು ಒಂದು ಪಠ್ಯವಾಗಿ ಓದಿದಾಗ ಕಂಡದ್ದನ್ನು.

ಮೊದಲಿಗೆ ಅದರ ಪರವಾಗಿ ಮಾತಾಡಬೇಕು. ಸಾಹಿತ್ಯದವರಿಗೆ ಪ್ರಶ್ನಾವಳಿ ಎಂದರೆ ಒಂದು ಸಸಾರ ಇದೆ. ಮನಸ್ಸನ್ನು ಚೌಕದಲ್ಲಿ ಕೂಡಿಹಾಕಲಾದೀತೇ ಎಂದು ಕೇಳಿಬಿಟ್ಟರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಸ್ವವರದಿ ಬರುವುದಕ್ಕೆ ಮುಂಚೆ ಏನಿತ್ತು ನೋಡಿ. ಮಗುವಿನ ಬಗ್ಗೆ ತಾಯಿ ಹೇಳುತ್ತಿದ್ದಳು, ಮೇಷ್ಟ್ರು ಹೇಳುತ್ತಿದ್ದರು, ಮಗು ಬಾಗಿಲ ಬಳಿ ನಿಂತಿರುತ್ತಿತ್ತು. 1987ರಲ್ಲಿ ಥಾಮಸ್ ಆಕೆನ್‌ಬಾಕ್ ಮತ್ತು ಸಂಗಡಿಗರು ಇಂಥ 119 ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ತಂದೆತಾಯಿ ಇಬ್ಬರ ಮಾತಿನಂತೆ ಒಂದೇ ಬಗೆಯ ಇಬ್ಬರ ನಡುವಿನ ಹೊಂದಾಣಿಕೆ ಸರಾಸರಿ 0.60 ಇತ್ತು. ಮಗು ತನ್ನ ಬಗ್ಗೆ ಹೇಳಿಕೊಂಡದ್ದಕ್ಕೂ ದೊಡ್ಡವರು ಅದರ ಬಗ್ಗೆ ಹೇಳಿದ್ದಕ್ಕೂ ಇದ್ದ ಹೊಂದಾಣಿಕೆ ಬರೇ 0.22. ಒಂದೇ ಮನೆ, ಒಂದೇ ಸೂರು, ಒಂದೇ ಗಂಗಾಳ, ಆದರೂ ಇಷ್ಟೇ. ಮಗಳ ನಿದ್ದೆ ಕೆಟ್ಟಿದೆ ಎಂದು ಅಮ್ಮನಿಗೆ ಗೊತ್ತಾಗಬಹುದು. ಯಾಕೆ ಕೆಟ್ಟಿದೆ ಎಂಬುದು ಮಗಳು ಬಾಯಿಬಿಟ್ಟಾಗಲೇ ಗೊತ್ತಾಗುವುದು.

ಈ ಮಾತಿಗೆ ಬಳ್ಳಾರಿಯಲ್ಲಿ ಇನ್ನೊಂದು ಅರ್ಥವಿದೆ. ದೇಶದ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಈ ಜಿಲ್ಲೆಯ ಹೆಸರು ಪಠ್ಯಪುಸ್ತಕದಲ್ಲಿ ಬರುತ್ತದೆ. ನಮ್ಮ ಹುಡುಗರಿಗೆ ಮಾತ್ರ ಅದು ಗೊತ್ತಿಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಜ್ಯ ಸರ್ಕಾರದ ಜೊತೆ ಸೇರಿ, ಸುಮಾರು 20 ಲಕ್ಷ ಜನರಿದ್ದ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಊರಲ್ಲೇ ಔಷಧಿ ಸಿಗುವಂತೆ ಮಾಡುವುದು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದರ ಮೇಲೆ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ದೊಡ್ಡ ಕೆಲಸ, ಅನುಮಾನವಿಲ್ಲ. ಅದು ಮುಖ್ಯವಾಗಿ ಹುಡುಕಿದ್ದು ತೀವ್ರ ಮನೋರೋಗವನ್ನು, ಮೂರ್ಛೆರೋಗವನ್ನು. ಅಂದರೆ ಊರಿನವರ ಕಣ್ಣಿಗೆ ಬೀಳುವಂಥದ್ದನ್ನು. ‘ಆ ಮನಿಯಾಗ ಒಬ್ಬಾಕಿ ಅದಾಳ, ಒಬ್ಬಾಕಿನ ಮಾತಾಡ್ಕಂತಾಳ’ ಎಂದು ಬೇರೆಯವರು ತೋರಿಸಬಹುದಾದದ್ದನ್ನು. ಪ್ರಥಮ ಪುರುಷದಲ್ಲಿ ಹೇಳಲು ಬರುವ ನೋವು ಅದು. ತರಗತಿಯ ಮೂರನೇ ಬೆಂಚಿನಲ್ಲಿ ಕೂತು ಸರಿಯಾಗಿ ನೋಟ್ಸ್ ಬರೆದುಕೊಳ್ಳುವ, ಹೇಳಿದಂತೆ ಕೇಳುವ ಹುಡುಗಿಯ ನೋವಿಗೆ ಉತ್ತಮ ಪುರುಷವೇ ಬೇಕು. ಹಾಗಾಗಿ ಸ್ವವರದಿಯ ಹಾಳೆ ಈ ಜಿಲ್ಲೆಗೆ ಬಂದದ್ದನ್ನು ನಾನು ಮುಂದಿನ ಹೆಜ್ಜೆ ಎಂದೇ ನೋಡುತ್ತೇನೆ. ನನ್ನ ತಕರಾರು ಇರುವುದು ಆ ‘ನಾನು’ ಯಾರದ್ದು ಎಂಬಲ್ಲಿ.

ಹೇಳಿಕೆಗಳನ್ನು ಒಂದೊಂದಾಗಿ ನೋಡೋಣ. ನಡತೆಯ ಗುಂಪಿನಲ್ಲಿ, ಹಿರಿಯರು ಹೇಳಿದಂತೆ ನಡೆದುಕೊಳ್ಳುತ್ತೇನೆ ಎನ್ನುವ ಅರ್ಥದ ಹೇಳಿಕೆಯೊಂದಿದೆ. ಖಂಡಿತ ನಿಜ ಎಂದರೆ ಸೊನ್ನೆ, ಅಂದರೆ ತೊಂದರೆಯಿಲ್ಲ. ನಿಜವಲ್ಲ ಎಂದರೆ ಎರಡು. ಲಂಡನ್ನಿನ ಶಾಲೆಯಲ್ಲಿ ಇದರ ಅರ್ಥ ಏನೋ, ನನಗೆ ಗೊತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಅವರಲ್ಲಿ ಬಹುಪಾಲು ಹುಡುಗಿಯರು ಈ ಹೇಳಿಕೆಯ ಮುಂದೆ ಖಂಡಿತ ನಿಜ ಎಂದೇ ಟಿಕ್ ಹಾಕುತ್ತಿದ್ದರು ಎಂದು ನಾನು ಊಹಿಸಬಲ್ಲೆ. ಹೇಳಿದಂತೆ ಕೇಳಿದ್ದರಿಂದಲೇ ಅವರ ಮದುವೆಯಾದದ್ದು. ‘ಆಗಲ್ಲ, ನಾನು ಓದ್ತೀನಿ’ ಎಂದು ಅಪ್ಪನಿಗೆ ಎದುರು ನಿಂತವಳು ಈ ಹಾಳೆಯಲ್ಲಿ ಎರಡು ಅಂಕ ಹೆಚ್ಚು ‘ತೊಂದರೆ’ಯವಳು. ಗೆಳತಿ ಇದಕ್ಕೆ ಸರಿಯಾಗೇ ಉತ್ತರ ಕೊಟ್ಟಳು: ವಿಧೇಯಳಾದವಳು ಸುಖವಾಗಿದ್ದಾಳೆಂದು ಹಾಳೆ ಹೇಳುವುದಿಲ್ಲ, ಅವಳ ದುಃಖಕ್ಕೆ ಬೇರೆ ಐದು ಹೇಳಿಕೆಗಳಿವೆ. ಒಪ್ಪುತ್ತೇನೆ. ಆದರೆ ಕೊನೆಗೆ ಎಲ್ಲವನ್ನೂ ಕೂಡುತ್ತಾರಲ್ಲ. ಕೂಡಿದಾಗ ವಿಧೇಯತೆಯ ಸೊನ್ನೆಯು ದುಃಖದ ಎರಡನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತದೆ.

ಓರಗೆಯವರಿಗಿಂತ ದೊಡ್ಡವರ ಜೊತೆ ಹೆಚ್ಚು ಹೊಂದಿಕೊಳ್ಳುತ್ತೇನೆ ಎಂಬರ್ಥದ ಹೇಳಿಕೆಯೂ ತೊಂದರೆಯ ಲೆಕ್ಕಕ್ಕೇ ಸೇರುತ್ತದೆ. ಸಂಜೆ ಅಜ್ಜಿಯ ಮಗ್ಗುಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕಥೆ ಕೇಳುವ ಹುಡುಗಿ ಕುರುಗೋಡಿನಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಳು. ಇದು ಚಿಕ್ಕ ವಿಷಯ, ಬಿಡಿ. ಚಿಕ್ಕದಲ್ಲದ್ದು ಇನ್ನೊಂದಿದೆ. ಬೇರೆ ಮಕ್ಕಳು ತನ್ನನ್ನು ಪೀಡಿಸುತ್ತಾರೆ, ಗೋಳು ಹೊಯ್ದುಕೊಳ್ಳುತ್ತಾರೆ ಎಂಬ ಅರ್ಥದ್ದು. ಅದಕ್ಕೆ ಹೌದು ಎಂದರೆ ಅಂಕ ಬೀಳುವುದು ಪೀಡಿಸಿದವರ ಖಾತೆಗಲ್ಲ, ಪೀಡನೆಗೆ ಒಳಗಾದ ಮಗುವಿನ ಖಾತೆಗೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಥಟ್ಟನೆ ಹೊಳೆಯುತ್ತದೆ. ಜಾತಿಯ ಕಾರಣಕ್ಕೆ ಹುಡುಗನೊಬ್ಬ ಅನುಭವಿಸಿದ ಅವಮಾನವನ್ನು ಆ ಪುಸ್ತಕದ ‘ನಾನು’ ಊರಿನ ಲೆಕ್ಕಕ್ಕೆ ಬರೆಯುತ್ತದೆ. ಅದೇ ಹುಡುಗನ ಕೈಗೆ ಈ ಹಾಳೆ ಕೊಟ್ಟಿದ್ದರೆ ಅದು ‘ಓರಗೆಯವರೊಂದಿಗಿನ ತೊಂದರೆ: 6’ ಎಂದು ಹುಡುಗನ ಹೆಸರಿನ ಮುಂದೆ ಕೂರುತ್ತಿತ್ತು. ಆತ್ಮಕಥೆ ಮತ್ತು ಸ್ವವರದಿ ಎರಡೂ ಉತ್ತಮ ಪುರುಷದ ಬರವಣಿಗೆಗಳೇ. ಒಂದರಲ್ಲಿ ‘ನಾನು’ ಸಾಕ್ಷಿ, ಇನ್ನೊಂದರಲ್ಲಿ ‘ನಾನು’ ಲಕ್ಷಣಗಳ ಚೀಲ.

ತಲೆನೋವು, ಹೊಟ್ಟೆನೋವುಗಳ ಬಗ್ಗೆ ಕೇಳುವ ಹೇಳಿಕೆ ನನಗೆ ಇಡೀ ಹಾಳೆಯಲ್ಲಿ ಅತ್ಯಂತ ಹಿಡಿಸಿದ್ದು. ನಮ್ಮ ಕಡೆ ಸಂಕಟ ಮೊದಲು ಮೈಯ ಬಾಗಿಲು ತಟ್ಟುತ್ತದೆ. ‘ಮನಸ್ಸಿಗೆ ಸರಿ ಇಲ್ಲ’ ಎನ್ನಲು ನಾಚುವವರು ‘ತೆಲಿ ಸಿಡಿತೈತಿ’ ಎನ್ನುತ್ತಾರೆ. ಅದನ್ನು ಬರೆದವರು ಮಕ್ಕಳನ್ನು ಹತ್ತಿರದಿಂದ ನೋಡಿದ್ದಾರೆ. ಆದರೆ ಇಲ್ಲೂ ನಗೆ ಬರುವಂಥದ್ದೊಂದು ನಡೆಯಿತು. ಒಂದು ಶಾಲೆಯಲ್ಲಿ ಹುಡುಗಿಯರೆಲ್ಲ ಸಾಲಾಗಿ ಹೊಟ್ಟೆನೋವಿಗೆ ಖಂಡಿತ ನಿಜ ಎಂದು ಟಿಕ್ ಹಾಕಿದರು. ವಿಚಾರಿಸಿದರೆ, ರಕ್ತಹೀನತೆ ತಡೆಯಲು ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಹಿಂದಿನ ದಿನವಷ್ಟೇ ನುಂಗಿದ್ದರು.

ಇನ್ನು ಭಾಷೆಗೆ ಬರುತ್ತೇನೆ. ನನ್ನ ಮುಖ್ಯ ಮಾತು ಇಲ್ಲಿದೆ.

ಇಂಥ ಮಾಪನಗಳನ್ನು ಕನ್ನಡಕ್ಕೆ ತರುವಾಗ ಒಂದು ವಿಧಾನ ಪಾಲಿಸುತ್ತಾರೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುತ್ತಾರೆ. ಮೂಲ ನೋಡಿರದ ಇನ್ನೊಬ್ಬರು ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ಅನುವಾದಿಸುತ್ತಾರೆ. ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು, ಹೊಂದಿದರೆ ಅನುವಾದ ಪಾಸು. ಇದಕ್ಕೆ ಮರು ಅನುವಾದ ಎನ್ನುತ್ತಾರೆ. ಕೇಳಲು ಪಕ್ಕಾ ವಿಧಾನ. ಆದರೆ ಯಾವ ಪದ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ ಯೋಚಿಸಿ. ‘ಆತಂಕ’ ಹೋಗಿ ಅದೇ ಇಂಗ್ಲಿಷ್ ಪದವಾಗಿ ವಾಪಸು ಬರುತ್ತದೆ. ‘ಖಿನ್ನತೆ’, ‘ಉದ್ವೇಗ’, ‘ಏಕಾಗ್ರತೆ’ ಎಲ್ಲವೂ ಬರುತ್ತವೆ, ಏಕೆಂದರೆ ಇವುಗಳಲ್ಲಿ ಹೆಚ್ಚಿನವನ್ನು ನಾವು ಆ ಇಂಗ್ಲಿಷ್ ಪದಗಳಿಗಾಗಿಯೇ ಎತ್ತಿಟ್ಟುಕೊಂಡಿದ್ದೇವೆ. ‘ಬ್ಯಾಸರ’ ಹೋದರೆ? ಒಬ್ಬರ ಕೈಯಲ್ಲಿ ಬೋರು, ಒಬ್ಬರ ಕೈಯಲ್ಲಿ ದುಃಖ, ಮತ್ತೊಬ್ಬರ ಕೈಯಲ್ಲಿ ಮುನಿಸು. ‘ಎದಿ ಝಲ್ ಅಂತೈತಿ’ ವಾಪಸು ಬರುವ ಹೊತ್ತಿಗೆ ಹೃದಯರೋಗವಾಗಿರಲೂಬಹುದು. ಹಾಗಾಗಿ ಈ ವಿಧಾನ ಆಯ್ದುಕೊಳ್ಳುವುದು ಮಗು ಆಡುವ ಪದವನ್ನಲ್ಲ, ಮಗು ಎಂದೂ ಆಡದ ಪದವನ್ನು. ಹದಿನಾಲ್ಕರ ಹುಡುಗನಿಗಾಗಿ ಮಾಡಿದ ಅನುವಾದದ ನಿಜವಾದ ಓದುಗ, ಇಂಗ್ಲಿಷಿಗೆ ಮರಳಿಸುವ ಆ ಎರಡನೇ ಅನುವಾದಕ.

ಬಳ್ಳಾರಿಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ ಉಳಿದದ್ದು ಮೈಸೂರಿಗೆ ಬಂದಾಗ ಗಡಿ ಎಳೆದದ್ದು ನಕಾಶೆಯ ಮೇಲೆ. ಮನೆಗಳ ಒಳಗೆ ಅಲ್ಲ. ಸಿರುಗುಪ್ಪದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳು ಅಮ್ಮನ ಜೊತೆ ತೆಲುಗು ಮಾತಾಡುತ್ತಾರೆ. ‘ದಿಗಿಲು’ ಎಂಬ ಪದ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ಥಟ್ಟನೆ ಆವರಿಸುವ ಹೆದರಿಕೆ. ತೆಲುಗಿನ ‘ದಿಗುಲು’ ಒಳಗೇ ಕೊರೆಯುವ ಚಿಂತೆ, ಮಂಕು, ದುಃಖ. ಒಂದೇ ಬೆಂಚಿನ ಇಬ್ಬರು ಹುಡುಗಿಯರಿಗೆ ನಾನು ಈ ಪದ ಕೇಳಿದೆ. ಒಬ್ಬಳು ರಾತ್ರಿ ನಾಯಿ ಬೊಗಳಿದಾಗ ಆಗುವುದು ಅಂದಳು. ಇನ್ನೊಬ್ಬಳು ಅಪ್ಪ ದುಡಿಯಲು ಬೆಂಗಳೂರಿಗೆ ಹೋದಾಗಿನಿಂದ ಅಮ್ಮನಿಗೆ ಇರುವುದು ಅಂದಳು. ಹೆದರಿಕೆಗೊಂದು, ಚಿಂತೆಗೊಂದು ಎಂದು ಹಾಳೆ ಬೇರೆಬೇರೆ ಚೌಕ ಕೊಟ್ಟಿದೆ. ಈ ಊರಿನ ಒಂದು ಪದ ಎರಡೂ ಚೌಕದಲ್ಲಿ ಕಾಲಿಟ್ಟು ನಿಂತಿದೆ.

ಪದಕ್ಕಿಂತ ಆಳದಲ್ಲಿರುವುದು ವ್ಯಾಕರಣ. ಕನ್ನಡದಲ್ಲಿ ಭಾವನೆಗಳಿಗೆ ‘ನಾನು’ ಕರ್ತೃವಾಗುವುದು ಕಡಿಮೆ. ನನಗೆ ಸಿಟ್ಟು ಬಂತು, ನನಗೆ ಹೆದರಿಕೆ ಆಯಿತು, ನನಗೆ ಬೇಸರವಾಗಿದೆ. ಚತುರ್ಥಿ ವಿಭಕ್ತಿ. ಸಿಟ್ಟು ನೆಂಟರ ಹಾಗೆ ಬರುತ್ತದೆ, ಹೋಗುತ್ತದೆ. ಬಂದದ್ದಕ್ಕೆ ‘ಯಾಕೆ ಬಂತು’ ಎಂದು ಕೇಳಬಹುದು. ‘ನಾನು ಚಿಂತಿತನಾಗಿರುತ್ತೇನೆ’ ಎಂದು ಬರೆದ ಕೂಡಲೇ ಅದು ಹುಡುಗನ ಗುಣವಾಗಿಬಿಡುತ್ತದೆ. ಅವನು ಎತ್ತರವಿದ್ದಾನೆ, ಕಪ್ಪಗಿದ್ದಾನೆ ಎಂಬ ಹಾಗೆ. ಒಳ್ಳೆಯ ಅನುವಾದಕರು ಇದನ್ನು ಬಲ್ಲರು, ‘ನನಗೆ’ ಎಂದೇ ಬರೆಯುತ್ತಾರೆ. ಆದರೂ ಹಾಳೆಯಲ್ಲಿ ಯಾಕೆ ಎಂದು ಕೇಳುವ ಚೌಕವಿಲ್ಲ. ಸಿರುಗುಪ್ಪದ ಹುಡುಗನೊಬ್ಬ ದುಃಖ, ಕುಗ್ಗುವಿಕೆ, ಅಳು ಮೂರನ್ನೂ ಒಂದೇ ಉಸಿರಿನಲ್ಲಿ ಕೇಳುವ ಹೇಳಿಕೆಯ ಮೇಲೆ ಪೆನ್ನಿಟ್ಟುಕೊಂಡು ಕೂತಿದ್ದ. ‘ಅಕ್ಕ, ಅಳಾದಿಲ್ಲ ನಾನು. ಬ್ಯಾಸರ ಇರ್ತೈತಿ. ಯಾವ್ದಕ್ಕ ಹಾಕ್ಲಿ?’ ಗಂಡುಮಕ್ಕಳು ಅಳಬಾರದೆಂದು ಕಲಿತ ಊರಿನಲ್ಲಿ ಅವನು ಆ ಹೇಳಿಕೆಯನ್ನು ನನಗಿಂತ ಚೆನ್ನಾಗಿ ವಿಮರ್ಶೆ ಮಾಡಿದ್ದ. ಕೊನೆಗೆ ಮಧ್ಯದ ಚೌಕಕ್ಕೆ ಹಾಕಿದ.

ಮಧ್ಯದ ಚೌಕಕ್ಕೆ ಬಹಳ ಮಂದಿ ಹಾಕುತ್ತಾರೆ. ಹೆಂಗಿದೀಯ ಎಂದರೆ ‘ನಡಿತೈತ್ರಿ’ ಎನ್ನುವ ಊರು ಇದು. ನಡಿತೈತಿ ಎಂಬುದಕ್ಕೆ ಅಂಕ ಒಂದೇ? ಗಂಟಲು ಕಟ್ಟಿಕೊಂಡು ಹೇಳಿದ ನಡಿತೈತಿ, ಖುಷಿಯಾಗಿ ಹೇಳಿದ ನಡಿತೈತಿ ಎರಡೂ ಹಾಳೆಯ ಮೇಲೆ ಒಂದೇ ಟಿಕ್.

ತರಗತಿಯ ವಿಷಯವನ್ನೂ ಹೇಳಬೇಕು. ಮೂವರು ಕೂರುವ ಬೆಂಚು, ಹಾಳೆಗೆ ಅಡ್ಡ ಹಿಡಿದ ಕೈ, ಹಿಂದಿನವನು ಇಣುಕುವುದು. ‘ಇದಕ್ಕ ಮಾರ್ಕ್ಸ್ ಐತೇನ್ರಿ?’ ಎಂದು ಮೊದಲ ದಿನವೇ ಒಬ್ಬ ಕೇಳಿದ. ಇಲ್ಲ ಎಂದೆವು. ನಿಜವಾಗಿ ಇತ್ತಲ್ಲ! ಮಕ್ಕಳಿಗೆ ಗೊತ್ತಿರುವ ಒಂದೇ ಮುದ್ರಿತ ಪ್ರಶ್ನೆಪತ್ರಿಕೆ ಪರೀಕ್ಷೆಯದು. ಅಲ್ಲಿ ಸರಿ ಉತ್ತರ ಇರುತ್ತದೆ, ಅದನ್ನು ಬರೆದರೆ ಒಳ್ಳೆಯ ಹುಡುಗ. ಬಾಗಿಲಲ್ಲಿ ಮೇಷ್ಟ್ರು ನಿಂತಿರುವಾಗ ತನ್ನದಲ್ಲದ್ದನ್ನು ತೆಗೆದುಕೊಳ್ಳುತ್ತೇನೆಯೇ ಎಂಬ ಪ್ರಶ್ನೆಗೆ ಯಾರು ಹೌದೆನ್ನುತ್ತಾರೆ? ಗೆಳತಿ ಮೇಷ್ಟ್ರನ್ನು ವಿನಯದಿಂದ ಹೊರಗೆ ಕಳಿಸುವ ವಿದ್ಯೆ ಕಲಿತಿದ್ದಳು. ‘ಸರ್, ಒಂದು ಚಾ ಕುಡಿದು ಬರ್ರಿ.’

ಮೇಷ್ಟ್ರು ಹೋದ ಮೇಲೆ ನಡೆಯುವುದೇ ನಿಜವಾದ ಪಠ್ಯ. ಈ ಪ್ರಶ್ನಾವಳಿಗೆ ಹಕ್ಕುಸ್ವಾಮ್ಯವಿದೆ. ಸಂಶೋಧಕರು ತಮಗೆ ಬೇಕಾದಂತೆ ಪದ ಬದಲಿಸುವಂತಿಲ್ಲ. ಮುದ್ರಿತ ಹೇಳಿಕೆಯನ್ನು ಗೆಳತಿ ಇದ್ದ ಹಾಗೇ ಓದುತ್ತಿದ್ದಳು. ತರಗತಿ ಸುಮ್ಮನಿರುತ್ತಿತ್ತು. ಆಮೇಲೆ ಅವಳು ‘ಅಂದ್ರ...’ ಎಂದು ಶುರುಮಾಡುತ್ತಿದ್ದಳು. ಅಂದ್ರ, ಹೊಸಬ್ರು ಮನೀಗೆ ಬಂದ್ರ ಒಳಗ ಓಡಿ ಹೋಗ್ತಿಯೇನು? ಅಂದ್ರ, ಒಂದ ಕೆಲಸ ಹಿಡದ್ರ ಮುಗಿಸಿ ಏಳ್ತಿಯಾ, ನಡುವ ಬಿಡ್ತಿಯಾ? ಆಗ ಪೆನ್ನುಗಳು ಓಡುತ್ತಿದ್ದವು. ನನಗೆ ಗಮಕ ನೆನಪಾಯಿತು. ಒಬ್ಬರು ಕಾವ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ, ಕೇಳುವವರು ಮನೆಗೆ ಕೊಂಡೊಯ್ಯುವುದು ಬಹುಪಾಲು ವ್ಯಾಖ್ಯಾನವನ್ನೇ. ನಮ್ಮಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ, ವ್ಯಾಖ್ಯಾನಕಾರರ ಹೆಸರು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಸಂಶೋಧನಾ ಪ್ರಬಂಧದಲ್ಲಿ ಈ ‘ಅಂದ್ರ’ಗೆ ಜಾಗವಿಲ್ಲ. ಅಲ್ಲಿ ‘ಪ್ರಮಾಣೀಕೃತ ಕನ್ನಡ ಆವೃತ್ತಿಯನ್ನು ಬಳಸಲಾಯಿತು’ ಎಂದಿರುತ್ತದೆ. ಮಕ್ಕಳು ಉತ್ತರಿಸಿದ್ದು ಯಾವ ಆವೃತ್ತಿಗೆ ಎಂಬುದು ಬರೆದವರಿಗೆ ಮಾತ್ರ ಗೊತ್ತು. ಇದನ್ನು ಮುಚ್ಚಿಡುವ ಬದಲು, ಯಾವ ಹೇಳಿಕೆಗೆ ಏನು ‘ಅಂದ್ರ’ ಹೇಳಿದೆವು ಎಂದು ಪ್ರತಿಯೊಬ್ಬ ಸಂಶೋಧಕನೂ ಬರೆದಿಟ್ಟರೆ ಹತ್ತು ವರ್ಷದಲ್ಲಿ ಕನ್ನಡದ ಹದಿಹರೆಯದ ಭಾವಕೋಶವೊಂದು ತಾನಾಗಿ ತಯಾರಾಗುತ್ತದೆ. ಮುಂದಿನ ಮಾಪನವನ್ನು ಅನುವಾದ ಮಾಡಬೇಕಾಗಿಯೂ ಇಲ್ಲ, ಅಲ್ಲಿಂದಲೇ ಬರೆಯಬಹುದು.

‘ನೀನು ಕಾದಂಬರಿ ಓದೋ ಹಾಗೆ ಓದ್ತಿದ್ದೀಯ. ಇದು ಜ್ವರ ನೋಡೋ ಥರ್ಮಾಮೀಟರು’ ಎಂದು ಗೆಳತಿ ಸಿರುಗುಪ್ಪದಿಂದ ಬರುವ ಬಸ್ಸಿನಲ್ಲಿ ರೇಗಿದಳು. ಅವಳ ವಾದವನ್ನು ತಳ್ಳಿಹಾಕಲಾರೆ. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಪ್ರತಿ ಮಗುವಿನ ಪಕ್ಕ ಕೂತು ಕೇಳುವವರು ಎಲ್ಲಿದ್ದಾರೆ? ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದು ಅಂದಾಜಿಸಿತು. ಅಂದರೆ ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ಆ ನಾಲ್ವರನ್ನು ಹುಡುಕಲು ಮೊದಲು ಒಂದು ಜರಡಿ ಬೇಕು. ಈ ಹಾಳೆ ತಾನು ಜರಡಿ ಎಂದೇ ಹೇಳಿಕೊಳ್ಳುತ್ತದೆ, ರೋಗನಿರ್ಣಯ ಎಂದಲ್ಲ. ಮಗುವಿನ ಮಾತಿನ ಜೊತೆ ಮನೆಯವರ ಮಾತು, ಶಿಕ್ಷಕರ ಮಾತನ್ನೂ ಇಟ್ಟು ನೋಡುವುದೇ ಮೇಲು ಎಂಬುದು ಗುಡ್‌ಮನ್ನರದೇ ನಿಲುವು. ಕೆಡುವುದು ಎಲ್ಲೆಂದರೆ, ಜರಡಿಯಲ್ಲಿ ಉಳಿದ ಮಗುವಿಗೆ ನಾವು ಹೆಸರಿಡುವಲ್ಲಿ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಗುಣವಾಗದೆ ಉಳಿಯುವುದು ಮನೆಯವರು ಅವಳನ್ನು ನೋಡುವ ನೋಟ. ‘ಅಸಾಮಾನ್ಯ’ ಎಂಬ ಪದವನ್ನು ಅಂಕಪಟ್ಟಿಯ ಭಾಷೆಯಲ್ಲಿ ಕೇಳಿದ ಹೆಡ್‌ಮಾಸ್ತರರ ಮನಸ್ಸಿನಲ್ಲಿ ಆ ನೋಟ ಎಷ್ಟು ಬೇಗ ಹುಟ್ಟುತ್ತದೆ ಎಂಬುದನ್ನು ನಾನು ಒಂದು ಕಡೆ ಕಣ್ಣಾರೆ ಕಂಡೆ. ‘ಆ ಅಸಾಮಾನ್ಯ ಬಂದೋರ ಪಟ್ಟಿ ಕೊಡ್ರಿ ಮೇಡಂ, ನಾವು ನೋಡ್ಕಂತೀವಿ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಗೆಳತಿ ಕೊಡಲಿಲ್ಲ. ಗೋಪ್ಯ ಎಂದಳು. ಟೆಲಿ ಮನಸ್‌ನ 14416 ಸಂಖ್ಯೆಯನ್ನು ಎಲ್ಲ ತರಗತಿಯ ಬೋರ್ಡಿನ ಮೇಲೂ ಬರೆದಳು.

ಹಾಳೆಯ ಕೊನೆಯಲ್ಲಿ ಒಂದು ಖಾಲಿ ಸಾಲಿದೆ. ಇಪ್ಪತ್ತೈದು ಚೌಕದ ಸಾಲುಗಳಾದ ಮೇಲೆ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳುತ್ತದೆ. ಇಡೀ ಪುಟದಲ್ಲಿ ಮಗು ತನ್ನ ಕೈಯಾರೆ ವಾಕ್ಯ ಬರೆಯಬಹುದಾದ ಜಾಗ ಇದೊಂದೇ. ಇಡೀ ಪುಟದಲ್ಲಿ ಅಂಕವಿಲ್ಲದ ಜಾಗವೂ ಇದೊಂದೇ. ಬಹಳಷ್ಟು ಮಕ್ಕಳು ಖಾಲಿ ಬಿಟ್ಟಿದ್ದರು. ‘ಏನೂ ಇಲ್ಲ’ ಎಂದು ಬರೆದವರಿದ್ದರು. ಗಣಿತದ ಮೇಷ್ಟ್ರು ಬದಲಾಗಲಿ ಎಂದು, ಶಾಲೆಯ ಶೌಚಾಲಯಕ್ಕೆ ಚಿಲಕ ಹಾಕಿಸಿ ಎಂದು ಬರೆದವರಿದ್ದರು. ಚಿಲಕದ ಬೇಡಿಕೆಯನ್ನು ಬರೆದ ಹುಡುಗಿಯರ ಸಂಖ್ಯೆ ಕಡಿಮೆಯೇನಿರಲಿಲ್ಲ. ಅದು ಮಾನಸಿಕ ಆರೋಗ್ಯದ ಮಾತಲ್ಲ ಎನ್ನುವ ಧೈರ್ಯ ನನಗಿಲ್ಲ.

ಅವುಗಳ ನಡುವೆ ಒಂದು ಹಾಳೆ. ಒಟ್ಟು ಅಂಕ 9. ಆರಾಮವಾಗಿ ಸಾಮಾನ್ಯದೊಳಗೆ. ಹೇಳಿದಂತೆ ಕೇಳುತ್ತಾಳೆ, ಗೆಳತಿಯರಿದ್ದಾರೆ, ಇತರರಿಗೆ ಸಹಾಯ ಮಾಡುತ್ತಾಳೆ. ಪರೋಪಕಾರದಲ್ಲಿ ಹತ್ತಕ್ಕೆ ಹತ್ತು. ಅವಳು ಬರೆದ ವಾಕ್ಯವನ್ನು ಇಲ್ಲಿ ಹಾಗೇ ಕೊಡುವುದಿಲ್ಲ, ಊರಿನ ಹೆಸರೂ ಬೇಡ. ಬರುವ ವರ್ಷ ತಾನು ಶಾಲೆಯಲ್ಲಿ ಇರುವುದಿಲ್ಲವೆಂದು, ತನ್ನ ಪುಸ್ತಕಗಳನ್ನು ಯಾರಿಗೆ ಕೊಡಬೇಕೆಂದು ಅವಳು ಆಗಲೇ ಯೋಚಿಸಿಟ್ಟಿದ್ದಳು. ಅಷ್ಟೇ. ದುಃಖದ ಪದ ಒಂದೂ ಇರಲಿಲ್ಲ.

ಹಾಳೆಗಳಿಗೆ ಹೆಸರಿರಲಿಲ್ಲ, ಸಂಕೇತ ಸಂಖ್ಯೆ ಇತ್ತು. ಅಗತ್ಯ ಬಿದ್ದರೆ ಮರಳಿ ಹೋಗಲೆಂದು ಗೆಳತಿ ಸಂಖ್ಯೆಗಳ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಂಡಿದ್ದಳು. ಪುಸ್ತಕ ಹಂಚಿಡುವ ಮಾತು ಓದಿ ಅವಳಿಗೆ ಮೊದಲು ಹೊಳೆದ ಅರ್ಥ ಬೇರೆಯೇ ಇತ್ತು, ಇನ್ನೂ ಭಯಂಕರವಾದದ್ದು. ಮರುದಿನ ಬೆಳಿಗ್ಗೆಯೇ ಹೋದಳು. ಹುಡುಗಿಯ ಜೊತೆ ಒಬ್ಬಳೇ ಕೂತು ಮಾತಾಡಿದಳು. ಅಕ್ಕನಿಗೆ ಹತ್ತನೇ ಕ್ಲಾಸಿಗೇ ಮದುವೆಯಾಗಿತ್ತಂತೆ. ಇವಳಿಗಿನ್ನೂ ನಿಕ್ಕಿಯಾಗಿಲ್ಲ, ‘ಮಾತು ನಡ್ದಾವ ಅಕ್ಕ’. ಬ್ಯಾಸರ ಆಗಲ್ವಾ ಎಂದು ಕೇಳಿದ್ದಕ್ಕೆ, ಆಗ್ತೈತಿ, ಆದರೆ ಹಾಳೆಯಲ್ಲಿ ಕೇಳಿದ್ದು ಕಳೆದ ಆರು ತಿಂಗಳದ್ದಲ್ಲವೇ, ಇದು ಮುಂದಿನದ್ದಲ್ಲವೇ ಎಂದಳಂತೆ. ನಿಜ. ಹಾಳೆ ಕೇಳುವುದು ಹಿಂದಿನ ಆರು ತಿಂಗಳ ಬಗ್ಗೆ. ಅವಳು ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡು ಪ್ರಾಮಾಣಿಕವಾಗಿ ಉತ್ತರಿಸಿದ್ದಳು. ಗೆಳತಿ ಅವಳಿಗೆ ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಬರೆದುಕೊಟ್ಟಳು, ಅವಳನ್ನೇ ಕೇಳಿ ಅವಳು ನಂಬುವ ಒಬ್ಬ ಶಿಕ್ಷಕಿಯ ಜೊತೆ ಮಾತಾಡಿದಳು. ಆ ಶಿಕ್ಷಕಿ ಈಗ ಎರಡು ಸಲ ಆ ಮನೆಗೆ ಹೋಗಿ ಬಂದಿದ್ದಾರೆ. ಹುಡುಗಿ ಈ ವಾರವೂ ಶಾಲೆಗೆ ಬಂದಿದ್ದಾಳೆ.

ಕಳೆದ ತಿಂಗಳು ಗೆಳತಿ ದತ್ತಾಂಶವನ್ನು ಕಂಪ್ಯೂಟರಿಗೆ ಏರಿಸುವಾಗ ನಾನು ಪಕ್ಕದಲ್ಲಿದ್ದೆ. ಒಂದೊಂದು ಮಗುವಿಗೆ ಒಂದೊಂದು ಅಡ್ಡಸಾಲು, ಇಪ್ಪತ್ತೈದು ಕಂಬಸಾಲು, ಕೊನೆಗೆ ಮೊತ್ತ. ಖಾಲಿ ಸಾಲಿನಲ್ಲಿ ಮಕ್ಕಳು ಬರೆದದ್ದಕ್ಕೆ ಅವಳು ಇಪ್ಪತ್ತಾರನೆಯದೊಂದು ಕಂಬಸಾಲು ಮಾಡಿಕೊಂಡಿದ್ದಾಳೆ. ವಿಶ್ಲೇಷಣೆ ಮಾಡುವ ತಂತ್ರಾಂಶ ಅಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರತಿ ಸಲವೂ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಅದನ್ನು ನಾವಿಬ್ಬರೂ ಸಂಜೆ ಹೊತ್ತು ಕೂತು ಕೈಯಲ್ಲೇ ಓದುತ್ತಿದ್ದೇವೆ. ಬಳ್ಳಾರಿ ನಗರದ್ದು ಮುಗಿದಿದೆ, ಕುರುಗೋಡಿನದು ಅರ್ಧ ಆಗಿದೆ. ಮಕ್ಕಳ ಅಕ್ಷರ, ಕೆಲವು ಓದಲಾಗುವುದಿಲ್ಲ.